ಮೊದಲೇ ಬರೆದಿಟ್ಟ ಮನಸ್ಸು

ಒಂದು ಕೆಲಸ ಹೀಗೆ ಹೀಗೆ ನಡೆಯಬೇಕೆಂದು ಮೊದಲೇ ಗೊತ್ತುಮಾಡಿ, ಅದನ್ನು ಮತ್ತೊಬ್ಬರ ಕೈಗೊಪ್ಪಿಸಿ ಎದ್ದುಹೋದವನು, ಆಮೇಲೆ ನಡೆದದ್ದಕ್ಕೆ ಎಷ್ಟರಮಟ್ಟಿಗೆ ಹೊಣೆಗಾರ? ಈ ಪ್ರಶ್ನೆ ಹಳೆಯದು. ಉಯಿಲು ಬರೆದಿಟ್ಟು ಕಣ್ಣುಮುಚ್ಚಿದ ಅಜ್ಜನಿಂದ ಹಿಡಿದು, ಗುಮಾಸ್ತನಿಗೆ ಕಟ್ಟಳೆ ಹೇಳಿ ಯಾತ್ರೆಗೆ ಹೊರಟ ಸಾಹುಕಾರನವರೆಗೆ ಎಲ್ಲರನ್ನೂ ಇದು ಕಾಡಿದೆ. ಆದರೆ ಇದನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದೆ ತಂದಿಡುವುದು ಒಂದು ಆಟ. ಅದೂ ನಮ್ಮ ನಾಡಿನದಲ್ಲ, ಅಮೆರಿಕದ್ದು. ಹಿರಿಯರ ವಿಚಾರಕ್ಕೆ ಮಕ್ಕಳ ಆಟವೇಕೆ ಎಂದು ಮೂಗುಮುರಿಯಬೇಡಿ. ಧರ್ಮರಾಯನ ಪ್ರಶ್ನೆ ಹುಟ್ಟಿದ್ದೂ ಪಗಡೆಯ ಹಾಸಿನ ಮೇಲೆಯೇ.

ಅಮೆರಿಕದಲ್ಲಿ ಬೇಸ್‌ಬಾಲ್ ಆಡುವವರು ಎಷ್ಟು ಮಂದಿಯೋ, ಬೇಸ್‌ಬಾಲನ್ನು ಮೇಜಿನ ಮೇಲೆ ಆಡುವವರೂ ಹಾಗೆಯೇ ಬಹಳ ಮಂದಿ ಇದ್ದಾರೆ. 1961ರಲ್ಲಿ ‘ಸ್ಟ್ರಾಟ್-ಒ-ಮ್ಯಾಟಿಕ್’ ಎಂಬ ಆಟ ಮಾರುಕಟ್ಟೆಗೆ ಬಂತು. ಒಬ್ಬೊಬ್ಬ ನಿಜವಾದ ಆಟಗಾರನಿಗೂ ಒಂದೊಂದು ಚೀಟಿ, ಅದರ ಮೇಲೆ ಅವನ ಸಾಮರ್ಥ್ಯದ ಲೆಕ್ಕ, ಜೊತೆಗೆ ದಾಳಗಳು. ದಾಳ ಉರುಳಿಸಿ ಬಿದ್ದ ಸಂಖ್ಯೆಯನ್ನು ಚೀಟಿಯಲ್ಲಿ ನೋಡಿದರೆ ಚೆಂಡು ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಕಂಪ್ಯೂಟರು ಬಂದಮೇಲೆ ದಾಳ ಉರುಳಿಸುವ ಕೆಲಸವನ್ನೂ ಅದೇ ವಹಿಸಿಕೊಂಡಿತು. ಆಗ ಒಂದು ಹೊಸ ಪದ್ಧತಿ ಬಂತು. ಆಡುವವನು ತಂಡದ ಮ್ಯಾನೇಜರು. ಪ್ರತಿಯೊಂದು ಎಸೆತಕ್ಕೂ ಅವನು ಹಾಜರಿರಬೇಕಾಗಿಲ್ಲ. ತನ್ನ ಒಲವುಗಳನ್ನು ಮೊದಲೇ ತುಂಬಿಟ್ಟರೆ ಸಾಕು. ಓಡುವವನು ಮುಂದಿನ ಬೇಸನ್ನು ‘ಕದಿಯಲು’ ಎಷ್ಟು ಸಾಹಸ ಮಾಡಬೇಕು? ತಾನು ಔಟಾದರೂ ಸರಿ ಎಂದು ಚೆಂಡನ್ನು ಮೆಲ್ಲಗೆ ತಟ್ಟಿ ಜೊತೆಗಾರನನ್ನು ಮುಂದೆ ಸಾಗಿಸುವ ‘ಬಂಟ್’ ಎಂಬ ತ್ಯಾಗವನ್ನು ಎಷ್ಟು ಸಲ ಮಾಡಿಸಬೇಕು? ಎಸೆಯುವವನು ದಣಿದಾಗ ಬೇಗ ಬದಲಿಸಬೇಕೋ, ತಾಳ್ಮೆಯಿಂದ ಕಾಯಬೇಕೋ? ಇಂಥವಕ್ಕೆಲ್ಲ ಹೆಚ್ಚು, ಕಡಿಮೆ, ಮಧ್ಯಮ ಎಂದು ಗುರುತು ಹಾಕಿ ಅವನು ಮಲಗಲು ಹೋಗಬಹುದು. ರಾತ್ರಿಯೆಲ್ಲ ಯಂತ್ರ ಅವನ ಹೆಸರಿನಲ್ಲಿ ಆಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ತಂಡ ಗೆದ್ದಿರುತ್ತದೆ ಅಥವಾ ಸೋತಿರುತ್ತದೆ.

1987ರಲ್ಲಿ ಬಂದ ಇಂಥ ಒಂದು ಆಟಕ್ಕೆ ಬಾಲ್ಟಿಮೋರ್ ತಂಡದ ಪ್ರಸಿದ್ಧ ಮ್ಯಾನೇಜರು ಅರ್ಲ್ ವೀವರ್ ಅವರ ಹೆಸರನ್ನೇ ಇಟ್ಟರು. ಆಟ ರಚಿಸಿದವರು ಅವರನ್ನು ಕೂರಿಸಿಕೊಂಡು, ಇಂಥ ಸಂದರ್ಭದಲ್ಲಿ ಏನು ಮಾಡುತ್ತೀರಿ, ಅಂಥದರಲ್ಲಿ ಏನು ಮಾಡುತ್ತೀರಿ ಎಂದು ಕೇಳಿ ಕೇಳಿ, ಉತ್ತರಗಳನ್ನು ಯಂತ್ರಕ್ಕೆ ಕಲಿಸಿದರು. ವೀವರ್ ತೀರಿಕೊಂಡದ್ದು 2013ರಲ್ಲಿ. ಅವರ ಮನಸ್ಸಿನ ಒಂದು ತುಣುಕು ಆ ಆಟದ ಒಳಗೆ ಉಳಿಯಿತು. ಒಬ್ಬ ಮನುಷ್ಯನ ತೀರ್ಮಾನಗಳನ್ನು ಅವನಿಂದ ಬಿಡಿಸಿ ಬೇರೆ ಕಡೆ ಇಡಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮ್ಯಾನೇಜರು ಕೊಡುವುದು ಆಜ್ಞೆಯಲ್ಲ, ಒಲವು. ‘ಬಂಟ್ ಕಡಿಮೆ’ ಎಂದು ಬರೆದರೆ ಎಂದೂ ಮಾಡಬೇಡ ಎಂದಾಗುವುದಿಲ್ಲ. ಸಾಧಾರಣವಾಗಿ ಬೇಡ, ಅನಿವಾರ್ಯವಾದರೆ ಮಾಡು ಎಂದಾಗುತ್ತದೆ. ಆ ಒಲವಿನ ಹಿಂದೆ ಲೆಕ್ಕವೂ ಇದೆ. ಮೊದಲ ಬೇಸಿನಲ್ಲಿ ಒಬ್ಬ ಓಟಗಾರ ನಿಂತಿದ್ದು ಇನ್ನೂ ಯಾರೂ ಔಟಾಗಿಲ್ಲದ ಸಂದರ್ಭ ನೂರು ಸಲ ಬಂದರೆ, ಆ ಇನ್ನಿಂಗ್ಸುಗಳಲ್ಲಿ ಒಟ್ಟು ಸುಮಾರು 85ರಿಂದ 90 ರನ್ನುಗಳು ಬರುತ್ತವೆ. ಬಂಟ್ ಮಾಡಿ ಅವನನ್ನು ಎರಡನೆಯ ಬೇಸಿಗೆ ಸಾಗಿಸಿ ಒಂದು ಔಟನ್ನು ಬಿಟ್ಟುಕೊಟ್ಟಮೇಲೆ ಅದೇ ಲೆಕ್ಕ ಸುಮಾರು 65ರಿಂದ 70ಕ್ಕೆ ಇಳಿಯುತ್ತದೆ. ತ್ಯಾಗವೆಂದು ಕರೆಯುವ ಆ ಹೊಡೆತ ಒಟ್ಟಿನಲ್ಲಿ ನಷ್ಟದ ಬಾಬತ್ತು. ಬೇಸ್ ಕದಿಯುವುದೂ ಹಾಗೆಯೇ. ನೂರರಲ್ಲಿ ಸುಮಾರು ಎಪ್ಪತ್ತು ಸಲವಾದರೂ ಸಫಲವಾಗದಿದ್ದರೆ ಆ ಸಾಹಸದಿಂದ ತಂಡಕ್ಕೆ ಪ್ರಯೋಜನವಿಲ್ಲ. ವೀವರ್ ಅವರು ಬಂಟನ್ನು ಕಂಡರೆ ಸಿಡುಕುತ್ತಿದ್ದುದು ಬರಿಯ ಹಟದಿಂದಲ್ಲ.

ಸರಿ. ಇಷ್ಟೆಲ್ಲ ಲೆಕ್ಕ ಹಾಕಿ ಒಲವನ್ನು ಗುರುತುಮಾಡಿದ ಮೇಲೂ ತಂಡ ಸೋತರೆ ಸೋತವರು ಯಾರು? ಯಂತ್ರಕ್ಕೆ ಮನಸ್ಸಿಲ್ಲ. ದಾಳಕ್ಕೆ ಕಣ್ಣಿಲ್ಲ. ಮ್ಯಾನೇಜರು ನಿದ್ದೆಮಾಡುತ್ತಿದ್ದ. ಹೊಣೆ ಎಲ್ಲಿಯೂ ನಿಲ್ಲದೆ ಜಾರಿಹೋಗುತ್ತದೆ. ಆಟದಲ್ಲಿ ಅದು ಜಾರಿಹೋದರೆ ನಷ್ಟವಿಲ್ಲ. ಬದುಕಿನಲ್ಲಿ ಜಾರಿಹೋದರೆ ಯಾರೋ ಒಬ್ಬರು ಅದರಡಿ ಸಿಕ್ಕಿ ನಲುಗುತ್ತಾರೆ. ಆದ್ದರಿಂದ ಈ ವಿಚಾರವನ್ನು ಕೈಬಿಡುವಂತಿಲ್ಲ.

ನಮ್ಮ ಸಂಘದ ಸದಸ್ಯರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಎಲ್ಲೋರಕ್ಕೆ ಹೋಗಿಬಂದವರೇ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸ ದೇವಾಲಯದ ಮುಂದೆ ನಿಂತು, ಇದು ನಮ್ಮವರು ಕಡೆದದ್ದು ಎಂದು ಮಕ್ಕಳಿಗೆ ಹೇಳುವಾಗ ಎದೆ ಒಂದಿಷ್ಟು ಉಬ್ಬುವುದು ಸಹಜ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ಕವಿರಾಜಮಾರ್ಗ ಹೇಳಿದ್ದೂ ಅದೇ ವಂಶದ ಕಾಲದಲ್ಲಿಯೇ. ಆದರೆ ಕೈಲಾಸವನ್ನು ನೋಡಿ ದಣಿದು ಬಸ್ಸು ಹತ್ತುವವರು 21ನೆಯ ಗುಹೆಯನ್ನು ಬಿಟ್ಟುಬಿಡುತ್ತಾರೆ. ಅದು ರಾಷ್ಟ್ರಕೂಟರಿಗಿಂತಲೂ ಹಿಂದಿನದು. ಅಲ್ಲಿ ಶಿವಪಾರ್ವತಿಯರು ಪಗಡೆಯಾಡುತ್ತಿರುವ ಶಿಲ್ಪವೊಂದಿದೆ. ಕೆಳಗೆ ಗಣಗಳು ನಂದಿಯನ್ನು ಹಿಡಿದೆಳೆದು ಚೇಷ್ಟೆಮಾಡುತ್ತಿವೆ. ಜಗತ್ತನ್ನು ಆಳುವವನೂ ದಾಳದ ಮುಂದೆ ಕುಳಿತು ಬೀಳುವ ಗರವನ್ನು ಕಾಯಬೇಕು! ಶಿಲ್ಪಿ ಏನನ್ನು ನೆನೆದು ಕಡೆದನೋ ತಿಳಿಯದು. ನೋಡುವವನಿಗೆ ಹೊಳೆಯುವ ಅರ್ಥ ಮಾತ್ರ ಇದು: ದಾಳ ಬೀಳುವುದು ಯಾರ ಕೈಯಲ್ಲಿಯೂ ಇಲ್ಲ. ಆಡಲು ಕೂರುವುದು, ಪಣವಿಡುವುದು, ನಿಲ್ಲಿಸಿ ಏಳುವುದು, ಇವು ಮಾತ್ರ ಆಡುವವನ ಕೈಯಲ್ಲಿವೆ.

ಈ ಬೆಳಕಿನಲ್ಲಿ ಧರ್ಮರಾಯನನ್ನು ನೋಡಿ. ಅವನು ಸೋತದ್ದು ಶಕುನಿಯ ಕಪಟದಿಂದ ಎಂದು ಅವನ ಪರವಾಗಿ ವಾದಿಸಬಹುದು. ಆದರೆ ಕಪಟವೇ ಇಲ್ಲದಿದ್ದರೂ ಅವನ ತಪ್ಪು ತಪ್ಪೇ ಆಗಿ ಉಳಿಯುತ್ತಿತ್ತು. ಏಕೆಂದರೆ ಇಷ್ಟಕ್ಕೆ ನಿಲ್ಲಿಸುತ್ತೇನೆ ಎಂಬ ಕಟ್ಟಳೆಯನ್ನು ಅವನು ಮೊದಲೇ ತನಗೆ ಹಾಕಿಕೊಳ್ಳಲಿಲ್ಲ. ಕರೆದರೆ ಒಲ್ಲೆನೆನ್ನಬಾರದು ಎಂಬ ಒಂದೇ ಒಲವನ್ನು ಕಟ್ಟಿಕೊಂಡು ಕುಳಿತ. ರಾಜ್ಯ, ತಮ್ಮಂದಿರು, ತಾನು, ಹೆಂಡತಿ, ಎಲ್ಲವೂ ಆ ಒಂದು ಒಲವಿನ ದಾರಿಯಲ್ಲಿ ಸಾಲಾಗಿ ಹೋದರು. ಗರ ಕೆಟ್ಟದಾಗಿ ಬಿದ್ದದ್ದಕ್ಕೆ ಅವನನ್ನು ದೂರುವಂತಿಲ್ಲ. ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡದೆ ಕುಳಿತದ್ದಕ್ಕೆ ದೂರಬಹುದು.

ಹೀಗೆ ಮೊದಲನೆಯ ತೀರ್ಮಾನಕ್ಕೆ ಬರುತ್ತೇವೆ. ಫಲವನ್ನು ಕಂಡು ಮಾತ್ರ ತೀರ್ಮಾನದ ಒಳಿತುಕೆಡುಕು ಹೇಳಬಾರದು. ಗೆದ್ದವನು ಜಾಣ, ಸೋತವನು ದಡ್ಡ ಎನ್ನುವುದು ಸಂತೆಯ ಮಾತು. ಹಾಗೆಂದು ಗೊತ್ತುಮಾಡಿದವನಿಗೆ ಬಿಡುಗಡೆಯೂ ಇಲ್ಲ. ಆಟದ ನಡುವೆ ಸಿಟ್ಟಿನಲ್ಲಿಯೋ ಗಾಬರಿಯಲ್ಲಿಯೋ ತಪ್ಪುಮಾಡಿದವನಿಗೆ ಕ್ಷಮೆಯುಂಟು. ತಣ್ಣಗೆ ಕುಳಿತು, ಸಾಕಷ್ಟು ಹೊತ್ತು ಇಟ್ಟುಕೊಂಡು, ತನ್ನ ಒಲವನ್ನು ಬರೆದಿಟ್ಟವನಿಗೆ ಆ ನೆಪ ಸಿಗಲಾರದು. ಅವಸರದ ಕೈ ಮಾಡುವ ತಪ್ಪಿಗಿಂತ ನಿಧಾನದ ಕೈ ಬರೆದಿಟ್ಟ ತಪ್ಪು ದೊಡ್ಡದು.

ಎಲ್ಲೋರದಿಂದ ಸುಮಾರು ಐದು ಕಿಲೋಮೀಟರು ಗುಡ್ಡ ಹತ್ತಿದರೆ ಖುಲ್ತಾಬಾದ್ ಸಿಗುತ್ತದೆ. ಹಿಂದಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದಿಂದ ಅದು ಸುಮಾರು 25 ಕಿಲೋಮೀಟರು ದೂರ. ಮೊದಲು ಅದಕ್ಕೆ ರೌಜಾ ಎಂದು ಹೆಸರು, ಅಂದರೆ ಗೋರಿಗಳ ತೋಟ. ಸೂಫಿ ಸಂತರ ದರ್ಗಾಗಳಿರುವ ಊರು. 1337ರಲ್ಲಿ ತೀರಿಕೊಂಡ ಬುರ್ಹಾನುದ್ದೀನ್ ಗರೀಬ್ ಅವರ ದರ್ಗಾ ಅಲ್ಲಿದೆ. ಸಂತರ ನೆರಳಿನಲ್ಲಿ ಮಲಗಬೇಕೆಂಬ ಆಸೆಯಿಂದಲೋ ಏನೋ, ಆಳಿದವರೂ ಅಲ್ಲಿಗೇ ಬಂದು ಸೇರಿದರು. ಅವರಲ್ಲಿ ಮೂವರ ಕಥೆ ನಮ್ಮ ಪ್ರಶ್ನೆಗೆ ಬೇಕಾದದ್ದು. ಮಲಿಕ್ ಅಂಬರ್, ಔರಂಗಜೇಬ, ಮೊದಲನೆಯ ಆಸಫ್ ಜಾ. ಮೂವರೂ ದಖ್ಖಣದ ದೊಡ್ಡ ಆಟದಲ್ಲಿ ತಮ್ಮ ತಮ್ಮ ಒಲವುಗಳನ್ನು ಗೊತ್ತುಮಾಡಿದವರು.

ಮಲಿಕ್ ಅಂಬರ್ ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ನಿಜಾಮಶಾಹಿಗೆ ಮಂತ್ರಿಯಾದವನು. ಈಗಿನ ಸಂಭಾಜಿನಗರಕ್ಕೆ ಮೂಲವಾದ ಖಡಕಿ ಊರನ್ನು 1610ರಲ್ಲಿ ಕಟ್ಟಿದವನೂ ಅವನೇ. ಅವನ ಕೈಯಲ್ಲಿದ್ದ ಪಡೆ ಚಿಕ್ಕದು, ಎದುರಿಗಿದ್ದ ಮೊಗಲರದು ಬಹು ದೊಡ್ಡದು. ಬಯಲಿನಲ್ಲಿ ಎದೆಗೆ ಎದೆ ಕೊಟ್ಟು ಕಾದಿದರೆ ಉಳಿಗಾಲವಿಲ್ಲವೆಂದು ಅವನಿಗೆ ಗೊತ್ತಿತ್ತು. ಹಗುರವಾದ ಮರಾಠಾ ಕುದುರೆಪಡೆ, ಗುಡ್ಡಗಾಡಿನ ದಾರಿ, ಶತ್ರುವಿನ ಸಾಮಾನು ಸಾಗಣೆಗೆ ಅಡ್ಡಿ, ರಾತ್ರಿಯ ದಾಳಿ, ಇವೇ ಅವನ ಕಟ್ಟಳೆ. ಮರಾಠಿಗರು ಗನಿಮೀ ಕಾವಾ ಎನ್ನುವ ಈ ಯುದ್ಧಕ್ರಮ ಅವನ ಕೈಯಲ್ಲಿ ಹದಗೊಂಡಿತು. ಮೊಗಲರೂ ಬಿಜಾಪುರದವರೂ ಕೂಡಿ ಬಂದಾಗ 1624ರಲ್ಲಿ ಭಾತವಾಡಿಯಲ್ಲಿ ಇಬ್ಬರನ್ನೂ ಸೋಲಿಸಿದನು. ಅವನ ಒಲವು ಅವನ ಪಡೆಗೆ ಅಳತೆ ನೋಡಿ ಹೊಲಿದ ಅಂಗಿಯಂತೆ ಇತ್ತು. ಆದರೆ ಆ ಅಳತೆ ಅವನ ತಲೆಯಲ್ಲಿ ಮಾತ್ರ ಇದ್ದಂತೆ ಕಾಣುತ್ತದೆ. 1626ರಲ್ಲಿ ಅವನು ತೀರಿಕೊಂಡ. 1633ರಲ್ಲಿ ಅವನ ಮಗನೇ ದೌಲತಾಬಾದಿನ ಕೋಟೆಯನ್ನು ಮೊಗಲರಿಗೆ ಒಪ್ಪಿಸಿದ. 1636ರ ಹೊತ್ತಿಗೆ ನಿಜಾಮಶಾಹಿಯೇ ಇಲ್ಲವಾಯಿತು.

ಔರಂಗಜೇಬನ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಅವನು 1681ರಲ್ಲಿ ದಖ್ಖಣಕ್ಕೆ ಹೊರಟವನು ಮತ್ತೆ ಉತ್ತರಕ್ಕೆ ಹೋಗಲೇ ಇಲ್ಲ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಕೈವಶವಾದವು. 1689ರಲ್ಲಿ ಸಂಭಾಜಿ ಮಹಾರಾಜರನ್ನು ಹಿಡಿದು ಕೊಲ್ಲಿಸಿದನು. ಆಟ ಮುಗಿಯಿತೆಂದು ಯಾರಿಗಾದರೂ ಅನ್ನಿಸಬೇಕಿತ್ತು. ಮುಗಿಯಲಿಲ್ಲ, ಇನ್ನೂ ಹದಿನೆಂಟು ವರ್ಷ ನಡೆಯಿತು. ಕೋಟೆಯನ್ನು ಮುತ್ತು, ಹಿಡಿ, ಮುಂದಿನದಕ್ಕೆ ನಡೆ ಎಂಬುದೇ ಅವನ ಒಲವು. ಕೋಟೆಯೇ ರಾಜ್ಯವಾಗಿದ್ದ ಶತ್ರುವಿನ ಮುಂದೆ ಅದು ಫಲಿಸಿತು. ರಾಜಧಾನಿಯೇ ಇಲ್ಲದೆ ಕುದುರೆಯ ಬೆನ್ನಿನ ಮೇಲೆ ರಾಜ್ಯ ನಡೆಸತೊಡಗಿದವರ ಮುಂದೆ ಅದು ಬಲೆಯಲ್ಲಿ ಗಾಳಿ ಹಿಡಿದಂತಾಯಿತು. ಅವನು ಮುಂದಕ್ಕೆ ಹೋದ ಹಾಗೆ ಹಿಂದಿನ ಕೋಟೆಗಳು ಒಂದೊಂದಾಗಿ ಮರಾಠರ ಕೈ ಸೇರಿದವು. ಅವನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮ ಸುರಪುರ ಸೀಮೆಯದು. 1705ರಲ್ಲಿ ಬೇಡರ ನಾಯಕ ಪಿಡ್ಡನಾಯಕನ ವಾಗಿನಗೇರಿಯನ್ನು ತಿಂಗಳುಗಟ್ಟಲೆ ಮುತ್ತಿ ಹಿಡಿದ. ಒಳಗೆ ಹೋಗಿ ನೋಡಿದರೆ ನಾಯಕ ತಪ್ಪಿಸಿಕೊಂಡಿದ್ದ. ಬಾದಶಹ ಅಲ್ಲಿಯೇ ಹತ್ತಿರದಲ್ಲಿ ಕಾಯಿಲೆಬಿದ್ದ. 1707ರಲ್ಲಿ ಅಹಮದ್‌ನಗರದಲ್ಲಿ, ತನ್ನ 88ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ಖುಲ್ತಾಬಾದಿನಲ್ಲಿ, ಜೈನುದ್ದೀನ್ ಶಿರಾಜಿಯವರ ದರ್ಗಾದ ಆವರಣದಲ್ಲಿ, ಆಕಾಶಕ್ಕೆ ತೆರೆದ ಸಾದಾ ಗೋರಿ. ಅದರ ಖರ್ಚಿಗೆ ಟೋಪಿ ಹೊಲಿದು ಗಳಿಸಿದ ಹಣವನ್ನೇ ಬಳಸಿದರೆಂದು ಪ್ರತೀತಿ. ಸುತ್ತಲಿನ ಅಮೃತಶಿಲೆಯ ಜಾಲಂದ್ರ ಆಮೇಲೆ, ಲಾರ್ಡ್ ಕರ್ಜನ್ ಕಾಲದಲ್ಲಿ ಬಂದದ್ದು.

ಇವನಿಗೆ ಬುದ್ಧಿ ಸಾಲದೆಂದು ಹೇಳುವವರಿಲ್ಲ. ಶ್ರಮ ಸಾಲದೆಂದೂ ಹೇಳುವಂತಿಲ್ಲ. ಅವನ ತೊಡಕು ಬೇರೆ. ಒಮ್ಮೆ ಫಲಿಸಿದ ಒಲವನ್ನು, ಎದುರಿನ ತಂಡ ಬದಲಾದಮೇಲೂ ತಿದ್ದಲಾರದೆ ಹೋದ. ಎಲ್ಲವನ್ನೂ ತಾನೇ ನೋಡುತ್ತ ನಿಂತಿದ್ದವನಿಗೆ ತನ್ನ ಕಟ್ಟಳೆಯೇ ಕಾಣಲಿಲ್ಲ. ಮ್ಯಾನೇಜರು ನಿದ್ದೆಮಾಡಿ ಸೋಲಬಹುದು, ಎಚ್ಚರವಾಗಿದ್ದೂ ಸೋಲಬಹುದು. ಎಚ್ಚರವೆಂದರೆ ಕಣ್ಣು ತೆರೆದಿರುವುದಷ್ಟೇ ಅಲ್ಲ, ಬರೆದಿಟ್ಟದ್ದನ್ನು ಆಗಾಗ ತೆಗೆದು ಓದುವುದು.

ಮೂರನೆಯವನು ಹೈದರಾಬಾದಿನ ನಿಜಾಮರ ಮೂಲಪುರುಷ, ಮೊದಲನೆಯ ಆಸಫ್ ಜಾ. ಔರಂಗಜೇಬನ ಸೇವೆಯಲ್ಲಿ ಬೆಳೆದು ದಖ್ಖಣದ ಆ ಸುದೀರ್ಘ ಯುದ್ಧವನ್ನು ಕಣ್ಣಾರೆ ಕಂಡಿದ್ದವನು. 1748ರಲ್ಲಿ ಬುರ್ಹಾನ್‌ಪುರದಲ್ಲಿ ಸಾಯುವ ಮುಂಚೆ ವಂಶದವರಿಗಾಗಿ ಬುದ್ಧಿಮಾತುಗಳ ಒಂದು ವಸೀಯತ್ತನ್ನು ಬರೆಸಿದ. ಮರಾಠರು ಈ ನೆಲದ ಒಡೆಯರು, ಮಾನ ಕೆಡಿಸಿಕೊಳ್ಳದೆ ಅವರೊಂದಿಗೆ ಆದಷ್ಟು ಸಮಾಧಾನದಿಂದಿರಿ, ಯುದ್ಧಕ್ಕೆ ಅವಸರಪಡಬೇಡಿ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಎಂಥ ವಿವೇಕದ ಒಲವು! ಗುರುವಿನ ತಪ್ಪಿನಿಂದ ಶಿಷ್ಯ ಕಲಿತ ಪಾಠ. ಆದರೆ ಆಡಬೇಕಾದವರು ಬೇರೆ. ಅವನು ಕಣ್ಣುಮುಚ್ಚಿದ ಕೂಡಲೇ ಮಗ ನಾಸಿರ್ ಜಂಗನಿಗೂ ಮೊಮ್ಮಗ ಮುಜಫ್ಫರ್ ಜಂಗನಿಗೂ ಗದ್ದುಗೆಯ ಜಗಳ ಹತ್ತಿತು. ಫ್ರೆಂಚರೂ ಇಂಗ್ಲಿಷರೂ ಅದರಲ್ಲಿ ಕೈಹಾಕಿದರು. 1750ರಲ್ಲಿ ನಾಸಿರ್ ಜಂಗ್, 1751ರಲ್ಲಿ ಮುಜಫ್ಫರ್ ಜಂಗ್ ಕೊಲೆಯಾದರು. ತಂದೆಯೂ ಮಗನೂ ಈಗ ಖುಲ್ತಾಬಾದಿನಲ್ಲಿಯೇ ಮಲಗಿದ್ದಾರೆ. ಬರೆದ ಬುದ್ಧಿಮಾತೂ ಉಳಿದಿದೆ, ಅದನ್ನು ಪಾಲಿಸದವನ ಗೋರಿಯೂ ಉಳಿದಿದೆ.

ಮೂರು ಗೋರಿಗಳನ್ನು ಒಟ್ಟಿಗೆ ನೋಡಿದರೆ ಒಂದು ಅರ್ಥ ಸ್ಫುರಿಸುತ್ತದೆ. ಮೊದಲೇ ಗೊತ್ತುಮಾಡಿದ ಒಲವು ಒಳ್ಳೆಯದಾಗಬೇಕಾದರೆ ಅದು ಕೈಲಿರುವ ತಂಡಕ್ಕೆ ಒಪ್ಪಬೇಕು, ಕಾಲ ಬದಲಾದಾಗ ತಿದ್ದುಪಡಿಗೆ ತೆರೆದಿರಬೇಕು, ಆಡುವವರ ಮನಸ್ಸಿಗೆ ಇಳಿದಿರಬೇಕು. ಅಂಬರನಿಗೆ ಮೊದಲನೆಯದು ಸಾಧಿಸಿತು, ಕೊನೆಯದು ಸಾಧಿಸಲಿಲ್ಲ. ಔರಂಗಜೇಬ ಎರಡನೆಯದರಲ್ಲಿ ಎಡವಿದ. ಆಸಫ್ ಜಾನಿಗೆ ಮೊದಲಿನ ಎರಡೂ ತಿಳಿದಿದ್ದವು, ಮೂರನೆಯದಕ್ಕೆ ಹೊತ್ತು ಮೀರಿತ್ತು. ವಸೀಯತ್ತನ್ನು ಮರಣಶಯ್ಯೆಯಲ್ಲಿ ಬರೆಸಬಹುದು. ಸ್ವಭಾವವನ್ನು ಮರಣಶಯ್ಯೆಯಲ್ಲಿ ಬರೆಸಲಾಗುವುದಿಲ್ಲ.

ಇಲ್ಲಿ ಕಟ್ಟಳೆಗೂ ಒಲವಿಗೂ ಇರುವ ಅಂತರವನ್ನು ಸ್ವಲ್ಪ ಬಿಡಿಸಿ ನೋಡೋಣ. ಕಟ್ಟಳೆ ಮುಂದೆ ಬರಬಹುದಾದ ಸಂದರ್ಭವನ್ನು ಊಹಿಸಿ ಬರೆದದ್ದು. ಊಹೆಗೆ ಸಿಕ್ಕದ ಸಂದರ್ಭ ಬಂದಾಗ ಅದು ಮೂಕವಾಗುತ್ತದೆ. ಆಗ ಮಾತಾಡುವುದು ಮನುಷ್ಯನ ಒಲವು, ನಮ್ಮ ಹಿರಿಯರು ಸಂಸ್ಕಾರವೆಂದು ಕರೆದದ್ದು.

ಇದಕ್ಕೆ ನಮ್ಮವರೇ ಆದ ಒಬ್ಬರ ಉದಾಹರಣೆ ಇದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಸುವರ್ಣಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ಭಾರತದ ನಾಯಕ ಭದ್ರಾವತಿಯ ಜಿ. ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕಷ್ಟದಲ್ಲಿತ್ತು. ಆಗ ಬಾಬ್ ಟೇಲರ್ ವಿಕೆಟ್ಟಿನ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥ್ ಅವರಿಗೆ ಮನವರಿಕೆಯಾಯಿತು. ಅಪೀಲನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಆಡಲು ಕರೆದರು. ಟೇಲರ್ ಮತ್ತು ಬೋಥಮ್ ಕೂಡಿ 171 ರನ್ನು ಸೇರಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು.

ಯಾವ ಮೇಜಿನಾಟದ ಪಟ್ಟಿಯಲ್ಲಿಯೂ ಈ ಸಂದರ್ಭಕ್ಕೆ ಒಂದು ಮನೆ ಇರುವುದಿಲ್ಲ. ‘ಔಟಾದವನನ್ನು ಮರಳಿ ಕರೆಯುವುದು: ಹೆಚ್ಚು, ಕಡಿಮೆ, ಮಧ್ಯಮ’ ಎಂದು ಯಾರು ಬರೆದಾರು? ಗೆಲುವಿನ ಲೆಕ್ಕದಲ್ಲಿ ಅದು ಬಂಟಿಗಿಂತಲೂ ದೊಡ್ಡ ನಷ್ಟ. ಆದರೂ ಇಷ್ಟು ವರ್ಷಗಳ ಮೇಲೆ ಆ ಪಂದ್ಯದಲ್ಲಿ ಕನ್ನಡಿಗರು ನೆನೆಯುವುದು ಆ ಒಂದು ಕರೆಯನ್ನೇ. ಅದು ಆ ಗಳಿಗೆಯಲ್ಲಿ ಆಕಾಶದಿಂದ ಉದುರಿದ ಔದಾರ್ಯವೂ ಅಲ್ಲ. ತಾನು ಔಟೆಂದು ತಿಳಿದರೆ ಅಂಪೈರಿನ ಬೆರಳಿಗೆ ಕಾಯದೆ ನಡೆದುಹೋಗುವ ಆಟಗಾರರೆಂದು ಅವರು ಮೊದಲಿನಿಂದಲೂ ಹೆಸರಾಗಿದ್ದರು. ಸಣ್ಣ ಸಣ್ಣ ಸಂದರ್ಭಗಳಲ್ಲಿ ಮಾಡಿ ಮಾಡಿ ರೂಢಿಯಾದದ್ದು ದೊಡ್ಡ ಸಂದರ್ಭದಲ್ಲಿ ಕೇಳದೆಯೇ ಎದ್ದು ಬಂತು. ಕಟ್ಟಳೆ ಮುಗಿದ ಕಡೆ ಮನುಷ್ಯ ಉಳಿದಿದ್ದ, ಅಷ್ಟೆ.

ಈ ವಿಚಾರ ನಮಗೇಕೆ, ಹೊಟ್ಟೆಪಾಡಿಗಾಗಿ ಊರುಬಿಟ್ಟು ಬಂದ ನಮ್ಮಂಥವರಿಗೆ ಏಕೆ, ಎಂದು ಕೇಳಬಹುದು. ನಮಗೇ ಹೆಚ್ಚಾಗಿ ಬೇಕು. ಹತ್ತಿರವಿದ್ದು ಬಾಳುವವರು ದಿನದಿನದ ತೀರ್ಮಾನಗಳಿಂದ ಬಾಳುತ್ತಾರೆ. ದೂರವಿದ್ದು ಬಾಳುವವರು ಮೊದಲೇ ಗೊತ್ತುಮಾಡಿದ ಏರ್ಪಾಡುಗಳಿಂದ ಬಾಳುತ್ತಾರೆ. ಊರಿನ ಹೊಲ ಲಾವಣಿಗೆ, ಮನೆಯ ಬೀಗದ ಕೈ ಪಕ್ಕದ ಮನೆಗೆ, ಗುಡಿಯ ಪೂಜೆಯ ಪಾಳಿ ದಾಯಾದಿಗೆ, ವಯಸ್ಸಾದ ತಾಯಿ ತಮ್ಮನ ಮನೆಗೆ. ಎಲ್ಲಕ್ಕೂ ಒಂದೊಂದು ಕಟ್ಟಳೆ ಮಾಡಿ ನಾವು ರೈಲು ಹತ್ತಿದ್ದೇವೆ.

ಹಿಂದೆ ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರು ಮಾಡುತ್ತಿದ್ದೆವು. ಅಂಚೆಕಚೇರಿಯ ಸಾಲಿನಲ್ಲಿ ನಿಂತು, ಫಾರಂ ತುಂಬಿ, ಅದರ ಕೂಪನ್ನಿನ ಸಣ್ಣ ಜಾಗದಲ್ಲಿ ನಾಲ್ಕು ಸಾಲು ಬರೆಯಬೇಕಾಗುತ್ತಿತ್ತು. ಬರೆಯುವಾಗ ಅವ್ವನ ಮುಖ ಕಣ್ಣಮುಂದೆ ಬಾರದೆ ಇರುತ್ತಿರಲಿಲ್ಲ. ಮಂಡಿನೋವು ಹೇಗಿದೆ, ಈ ಸಲ ಹತ್ತು ರೂಪಾಯಿ ಹೆಚ್ಚು ಕಳಿಸಿದ್ದೇನೆ, ಎಣ್ಣೆ ತರಿಸಿಕೊ. ಊರಿನಲ್ಲಿ ಅಂಚೆಯಣ್ಣ ಹಣ ಎಣಿಸಿಕೊಟ್ಟು, ಓದಲು ಬಾರದ ತಾಯಂದಿರಿಗೆ ಅದನ್ನು ಓದಿಯೂ ಹೇಳುತ್ತಿದ್ದ. ಈಗ ಬ್ಯಾಂಕಿಗೆ ಒಮ್ಮೆ ಹೇಳಿಟ್ಟರೆ ಸಾಕು, ಪ್ರತಿ ತಿಂಗಳ ಮೊದಲ ವಾರದಲ್ಲಿ ಹಣ ತಾನಾಗಿ ಹೋಗುತ್ತದೆ. ಇದನ್ನು ತೆಗಳುವುದು ಸರಿಯಲ್ಲ. ಮನುಷ್ಯನ ನೆನಪಿಗಿಂತ ಯಂತ್ರದ ನೆನಪು ನಂಬಿಗಸ್ತವಾದದ್ದು. ಮಗನಿಗೆ ಕೆಲಸದ ಒತ್ತಡವಿದ್ದ ತಿಂಗಳೂ ತಾಯಿಗೆ ಮಾತ್ರೆ ತಪ್ಪುವುದಿಲ್ಲ. ಇದೂ ಸಣ್ಣ ಪುಣ್ಯವಲ್ಲ.

ಆದರೆ ಯಂತ್ರ ಕೇಳಲಾರದ ಪ್ರಶ್ನೆಗಳಿವೆ. ಐದು ವರ್ಷದ ಹಿಂದೆ ಗೊತ್ತುಮಾಡಿದ ಮೊತ್ತ ಇಂದಿಗೂ ಅದೇ ಹೋಗುತ್ತಿದೆ. ಮಾತ್ರೆಯ ಬೆಲೆ ಅಲ್ಲಿಯೇ ನಿಂತಿದೆಯೇ? ಅಂದು ಎದ್ದು ಅಡಿಗೆ ಮಾಡಿಕೊಳ್ಳುತ್ತಿದ್ದವಳು ಇಂದು ಒಬ್ಬಳು ಸಹಾಯದವಳಿಲ್ಲದೆ ನೀರೂ ಕುಡಿಯಲಾರದೆ ಇರಬಹುದು. ‘ದುಡ್ಡು ಬಂತೇನವ್ವಾ?’ ಎಂದು ಫೋನಿನಲ್ಲಿ ಕೇಳಿದರೆ ‘ಬಂತಪ್ಪಾ, ನೀ ಚಿಂತಿ ಮಾಡಬ್ಯಾಡ’ ಎನ್ನುತ್ತಾಳೆ. ಸಾಲದು ಎಂದು ಬಾಯಿಬಿಟ್ಟು ಹೇಳುವ ತಾಯಂದಿರು ಕಡಿಮೆ. ಮಗ ಕರ್ತವ್ಯ ತಪ್ಪಿಲ್ಲ, ಲೆಕ್ಕದ ಪುಸ್ತಕದಲ್ಲಿ ಒಂದು ತಿಂಗಳೂ ಖಾಲಿಯಿಲ್ಲ. ಆದರೂ ಅಲ್ಲಿ ಒಂದು ಮುದಿಜೀವ ಹಳೆಯ ಕಟ್ಟಳೆಯೊಳಗೆ ತನ್ನ ಹೊಸ ಕಷ್ಟವನ್ನು ಮಡಿಸಿಟ್ಟುಕೊಂಡು ಕುಳಿತಿದೆ. ಔರಂಗಜೇಬನಿಗೆ ಆದದ್ದು ದೊಡ್ಡ ಪ್ರಮಾಣದಲ್ಲಿ ಇದೇ. ಒಲವನ್ನು ಬರೆದಾಗ ಸರಿಯಾಗಿಯೇ ಇತ್ತು, ಎದುರಿನ ಪರಿಸ್ಥಿತಿ ಬದಲಾಯಿತು, ಬರೆದದ್ದನ್ನು ತೆಗೆದು ಓದಲಿಲ್ಲ.

ಮಕ್ಕಳ ವಿಚಾರದಲ್ಲಿ ನಾವು ಆಸಫ್ ಜಾನ ಸ್ಥಾನದಲ್ಲಿದ್ದೇವೆ. ಮುಂದೆ ಆಡುವವರು ಅವರು, ಈಗ ಒಲವು ತುಂಬುವವರು ನಾವು. ಮನೆಯಲ್ಲಿ ಕನ್ನಡವನ್ನೇ ಆಡಬೇಕು ಎಂದು ಗೋಡೆಗೆ ಬರೆದು ಹಚ್ಚಿದ ಮನೆಗಳನ್ನು ನಾವೆಲ್ಲ ಬಲ್ಲೆವು. ಅದು ಕಟ್ಟಳೆ. ಹೊಸ್ತಿಲು ದಾಟಿದ ಕೂಡಲೇ ಅದರ ಅಧಿಕಾರ ಮುಗಿಯುತ್ತದೆ. ಅದೇ ಮನೆಯಲ್ಲಿ ರಾತ್ರಿ ಊಟವಾದಮೇಲೆ ಅಜ್ಜಿ ಹೇಳುವ ಕಥೆಗೆ ಮಗು ನಕ್ಕರೆ, ಆ ನಗೆಯೊಂದಿಗೆ ಒಳಗಿಳಿದ ಕನ್ನಡಕ್ಕೆ ಯಾವ ಗೋಡೆಯ ಬರಹವೂ ಬೇಡ. ಇನ್ನೊಬ್ಬರ ಹಣ ಮುಟ್ಟಬಾರದು, ಸೋತವನನ್ನು ಹಂಗಿಸಬಾರದು ಎಂಬವೂ ಹೀಗೆಯೇ. ಹೇಳಿಕೊಟ್ಟದ್ದರಲ್ಲಿ ಬಹಳಷ್ಟು ಉದುರಿಹೋಗುತ್ತದೆ, ನಮ್ಮನ್ನು ನೋಡಿ ಕಲಿತದ್ದು ಉಳಿಯುತ್ತದೆ. ಅವರು ಮುಂದೆ ಎಂಥ ಮೈದಾನದಲ್ಲಿ, ಯಾರ ಎದುರು ಆಡುತ್ತಾರೋ ನಮಗೆ ಕಾಣದು. ಎಲ್ಲಕ್ಕೂ ಕಟ್ಟಳೆ ಬರೆದುಕೊಡುತ್ತೇವೆಂದು ಹೊರಟರೆ ಅದು ಪ್ರೀತಿಯ ವೇಷದ ಅಧಿಕಾರವಾದೀತು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಗೊತ್ತುಮಾಡಿ ಎದ್ದುಹೋದವನು ಬಿದ್ದ ಗರಕ್ಕೆ ಹೊಣೆಯಲ್ಲ. ಗೊತ್ತುಮಾಡಿದ್ದಕ್ಕೆ ಪೂರ್ತಿ ಹೊಣೆ. ಅದಕ್ಕಿಂತ ಹೆಚ್ಚಾಗಿ, ಮರಳಿ ಬಂದು ನೋಡದೆ ಹೋದದ್ದಕ್ಕೆ ಹೊಣೆ. ಕೊನೆಯದನ್ನೇ ನಾವು ಸುಲಭವಾಗಿ ಮರೆಯುತ್ತೇವೆ. ಏರ್ಪಾಡು ಮಾಡಿದ ದಿನ ಕರ್ತವ್ಯ ಮುಗಿಯಿತೆಂಬ ನೆಮ್ಮದಿ ಬರುತ್ತದೆ, ಆ ನೆಮ್ಮದಿಯೇ ಕಣ್ಣು ಮುಚ್ಚಿಸುತ್ತದೆ. ನಿಜವಾಗಿ ನೋಡಿದರೆ ಏರ್ಪಾಡು ಮಾಡಿದ ದಿನ ಕರ್ತವ್ಯದ ರೂಪ ಬದಲಾಗುತ್ತದೆ. ಅಂದಿನವರೆಗೆ ಕೆಲಸ ಮಾಡುವುದು ಕರ್ತವ್ಯವಾಗಿತ್ತು, ಅಂದಿನಿಂದ ಕೆಲಸವನ್ನು ವಿಚಾರಿಸುವುದು ಕರ್ತವ್ಯ.

ನಮ್ಮ ಕಡೆಯ ವ್ಯಾಪಾರಸ್ಥರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ದೀಪಾವಳಿಯ ದಿನಗಳಲ್ಲಿ ಹಳೆಯ ಕಿರ್ದಿ ಪುಸ್ತಕವನ್ನು ಮುಗಿಸಿ, ಬಾಕಿ ಎಳೆದು, ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆಮಾಡುತ್ತಾರೆ. ಯಾರಿಗೆ ಎಷ್ಟು ಸಾಲ, ಯಾವ ಗಿರಾಕಿಗೆ ಎಷ್ಟು ಸಲಿಗೆ ಎಂಬುದೆಲ್ಲ ಅಂದು ಮರುಪರಿಶೀಲನೆಗೆ ಬರುತ್ತದೆ. ಸಂಸಾರಸ್ಥರಾದ ನಮಗೂ ಅಂಥ ಒಂದು ದಿನ ಇದ್ದರೆ ಚೆನ್ನು. ಊರಿಗೆ ಹೋಗುವ ಹಣ, ತಾಯಿತಂದೆಯರ ಔಷಧಿ, ತಮ್ಮನ ಹೆಗಲ ಮೇಲೆ ಹೊರಿಸಿದ ಭಾರ, ಮಕ್ಕಳಿಗೆ ಹಾಕಿದ ನಿರ್ಬಂಧ, ಇವನ್ನೆಲ್ಲ ವರ್ಷಕ್ಕೊಮ್ಮೆ ಎದುರಿಗಿಟ್ಟುಕೊಂಡು, ಇಂದು ಹೊಸದಾಗಿ ಬರೆಯುವುದಾದರೆ ಹೀಗೆಯೇ ಬರೆಯುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ಹೌದೆಂದಾದರೆ ಪುಸ್ತಕ ಮುಚ್ಚಿ ಹಬ್ಬದ ಊಟಕ್ಕೆ ಏಳಬಹುದು. ಅಲ್ಲವೆಂದಾದರೆ ಊಟಕ್ಕೆ ಮೊದಲು ಊರಿಗೊಂದು ಫೋನು ಮಾಡುವುದು ಒಳ್ಳೆಯದು.